ತುಂಬಿದಾಗ ಸಮತೋಲಕ್ಕೆ ಬರುವ ಕಾರು: ಪುತ್ತೂರು, ಸುಳ್ಯ, ಕಡಬದಲ್ಲಿ ಉದ್ದ ಬಾನೆಟ್ಟಿನ ಹಳೆಯ ವಾಹನಗಳ ಆಕರ್ಷಣೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಹೊಸ ಕಾರು ಬಂದ ಮೇಲೂ ಹಳೆಯದನ್ನು ಮಾರದೆ ಉಳಿಸಿಕೊಳ್ಳುವವರಿದ್ದಾರೆ. ಅಂಗಳದಂಚಿನ ಶೆಡ್ಡಿನಲ್ಲಿ ಅಡಿಕೆ ಗೋಣಿ, ಮದ್ದು ಬಿಡುವ ಪಂಪು, ಏಣಿಗಳ ಪಕ್ಕದಲ್ಲೇ ಒಂದು ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ, ಅಪರೂಪಕ್ಕೆ ಒಂದು ಕಾಂಟೆಸಾವೋ ನಿಂತಿರುತ್ತದೆ. ಇವುಗಳಲ್ಲಿ ಕೆಲವು ಓಡುವುದನ್ನು ನಿಲ್ಲಿಸಿವೆ. ಕೆಲವು ಇಂದಿಗೂ ಮದುವೆಗೆ, ದೇವಸ್ಥಾನಕ್ಕೆ, ಘಟ್ಟದ ಮೇಲಿನ ನೆಂಟರ ಮನೆಗೆ ಹೋಗಿ ಬರುತ್ತವೆ. ಈ ಟಿಪ್ಪಣಿಗೆ ಮುಖ್ಯವಾದುದು ಎರಡನೆಯ ಗುಂಪು.

ಹಳೆಯ ಕಾರಿನ ಮೇಲಿನ ಮೋಹಕ್ಕೆ ಸಾಮಾನ್ಯವಾಗಿ ಎರಡು ವಿವರಣೆ ಕೊಡುತ್ತಾರೆ. ಒಂದು, ಅದು ಹಿರಿಯರ ನೆನಪು. ಇನ್ನೊಂದು, ಅದು ಪ್ರತಿಷ್ಠೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ನೆನಪಿಗಾಗಿಯೇ ಉಳಿಸುವುದಾದರೆ ಅದನ್ನು ಓಡಿಸಬೇಕಾಗಿಲ್ಲ. ಪ್ರತಿಷ್ಠೆಗಾದರೆ ಇಂದಿನ ಹೊಸ ಕಾರು ಹೆಚ್ಚು ಉಪಯುಕ್ತ. ಖರ್ಚು ಮಾಡಿ, ಬಿಡಿಭಾಗ ಹುಡುಕಿ, ಮೂವತ್ತು ನಲವತ್ತು ವರ್ಷದ ಯಂತ್ರವೊಂದನ್ನು ಏರು ಹತ್ತಿಸುವವರ ಹಟವನ್ನು ಈ ಎರಡು ಕಾರಣಗಳು ಪೂರ್ತಿಯಾಗಿ ವಿವರಿಸಲಾರವು. ಮೂರನೆಯ ಕಾರಣವೊಂದು ಕಾರಿನ ರಚನೆಯಲ್ಲಿದೆ, ಈ ನೆಲದ ಪ್ರಯಾಣದ ಸ್ವರೂಪದಲ್ಲಿದೆ, ಎರಡೂ ಕೂಡುವಲ್ಲಿ ಇದೆ ಎಂಬುದು ಇಲ್ಲಿನ ವಾದ.

2. ಯಾವ ಬಗೆಯ ಕಾರು

ಇಂದು ರಸ್ತೆಯಲ್ಲಿರುವ ಹೆಚ್ಚಿನ ಕಾರುಗಳಿಗೆ ಎಂಜಿನ್ ಮುಂದೆಯೇ ಇದೆ. ಹಾಗಾಗಿ ‘ಮುಂದೆ ಎಂಜಿನ್’ ಎಂದಷ್ಟೇ ಹೇಳಿದರೆ ವರ್ಗೀಕರಣ ಆಗುವುದಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿತ್ತು, ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ನಂತರ ಬಂದ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದವು. ಈ ಟಿಪ್ಪಣಿಯ ಕಾರುಗಳು ಅದಕ್ಕಿಂತ ಹಿಂದಿನ ಬಗೆಯವು. ಇವುಗಳಲ್ಲಿ ಉದ್ದನೆಯ ಬಾನೆಟ್ಟಿನ ಕೆಳಗೆ ಎಂಜಿನ್ ಉದ್ದುದ್ದವಾಗಿ ಕೂತಿರುತ್ತದೆ. ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯಡಿ ಹಾದುಹೋಗುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಹೌಸಿಂಗು. ತಿರುಗುವುದು ಹಿಂದಿನ ಚಕ್ರ.

ಯುರೋಪಿನಲ್ಲಿ ಈ ರಚನೆಯ ಅತ್ಯಂತ ಪರಿಷ್ಕೃತ ರೂಪವೆಂದರೆ ಗ್ರ್ಯಾಂಡ್ ಟೂರಿಂಗ್ ಕಾರು. ಪಂದ್ಯದ ಕಾರಿನ ಬಲ, ಮನೆಯ ಕಾರಿನ ಆರಾಮ, ಸಾಮಾನಿಗೆ ಜಾಗ, ಒಂದೇ ದಿನದಲ್ಲಿ ಪರ್ವತ ದಾಟಿ ದೂರದ ಊರು ಸೇರುವ ಶಕ್ತಿ ಇವೆಲ್ಲ ಅದರಲ್ಲಿ ಒಟ್ಟಿಗಿರಬೇಕು. 1975ರಿಂದ 1996ರವರೆಗೆ ತಯಾರಾದ ಜಾಗ್ವಾರ್ ಎಕ್ಸ್‌ಜೆ-ಎಸ್, 1978ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಪಡೆದ ಪೋರ್ಶೆ 928 ಈ ಪಂಗಡದ ಪ್ರಸಿದ್ಧ ಹೆಸರುಗಳು. ಫೆರಾರಿ ತನ್ನ ಎರಡು ಸೀಟಿನ ಹನ್ನೆರಡು ಸಿಲಿಂಡರ್ ಕಾರುಗಳಲ್ಲಿ ಎಂಜಿನ್ನನ್ನು 1970ರ ದಶಕದಲ್ಲಿ ಚಾಲಕನ ಬೆನ್ನ ಹಿಂದಕ್ಕೆ ಒಯ್ದಿತು. ಎರಡು ದಶಕ ಹಾಗೆ ನಡೆದ ಮೇಲೆ 1996ರ 550 ಮರನೆಲ್ಲೊ ಮಾದರಿಯಲ್ಲಿ ಅದನ್ನು ಮತ್ತೆ ಮುಂದಕ್ಕೆ ತಂದಿತು. ದೂರ ಪ್ರಯಾಣಕ್ಕೆ, ಸಾಮಾನಿಗೆ, ದಿನಬಳಕೆಗೆ ಈ ವಿನ್ಯಾಸವೇ ಒಗ್ಗುತ್ತದೆ ಎಂಬುದಕ್ಕೆ ಆ ಮರಳುವಿಕೆ ಸಾಕ್ಷಿ.

ಭಾರತದಲ್ಲಿ ಅಂಥ ಕಾರನ್ನು ಯಾರೂ ದೊಡ್ಡ ಪ್ರಮಾಣದಲ್ಲಿ ಕಟ್ಟಲಿಲ್ಲ. ಹತ್ತಿರಕ್ಕೆ ಬಂದದ್ದು ಹಿಂದೂಸ್ತಾನ್ ಮೋಟರ್ಸಿನ ಕಾಂಟೆಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಅಚ್ಚನ್ನು ಆಧರಿಸಿದ ಅದು 1984ರಿಂದ 2002ರವರೆಗೆ ತಯಾರಾಯಿತು. ಆರಂಭದಲ್ಲಿ ಅಂಬಾಸಿಡರಿನ ಒಂದೂವರೆ ಲೀಟರ್ ಎಂಜಿನ್ ಹೊತ್ತು ಏದುಸಿರು ಬಿಡುತ್ತಿದ್ದ ಆ ದೊಡ್ಡ ದೇಹಕ್ಕೆ, ಮುಂದೆ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರು ಬಂದ ಮೇಲೆ ಗಾತ್ರಕ್ಕೆ ತಕ್ಕ ಬಲ ಬಂತು. ಆದರೆ ಹೆಚ್ಚಿನ ಮನೆಗಳಲ್ಲಿ ದೂರ ಪ್ರಯಾಣದ ಕೆಲಸ ಮಾಡಿದ್ದು ಇನ್ನೆರಡು ಕಾರುಗಳು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಒಂದು. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100ರ ರೂಪದಲ್ಲಿ ಆರಂಭವಾಗಿ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾದ 1089 ಸಿಸಿಯ ಕಾರು ಇನ್ನೊಂದು. ವೇಗದ ದೃಷ್ಟಿಯಿಂದ ಇವು ಗ್ರ್ಯಾಂಡ್ ಟೂರಿಂಗ್ ಕಾರುಗಳಲ್ಲ. ರಚನೆಯ ತರ್ಕದಲ್ಲಿ, ಇಲ್ಲಿ ಅವು ಮಾಡಿದ ಕೆಲಸದಲ್ಲಿ ಅದೇ ಕುಲದವು.

ಜೀಪನ್ನು ಇಲ್ಲಿ ಬೇಕೆಂದೇ ಹೊರಗಿಟ್ಟಿದ್ದೇನೆ. 1947ರಿಂದ ಮಹೀಂದ್ರ ಸಂಸ್ಥೆ ಜೋಡಿಸಿಕೊಟ್ಟ ವಿಲ್ಲಿಸ್ ಜೀಪು, ಅದರ ನಂತರದ ಪೀಳಿಗೆಗಳು, ಸುಳ್ಯ, ಸುಬ್ರಹ್ಮಣ್ಯ, ಕಡಬದ ಒಳದಾರಿಗಳಲ್ಲಿ ಜನರನ್ನು ಸಾಗಿಸಿದ ಸರ್ವಿಸ್ ಜೀಪುಗಳು ಪ್ರತ್ಯೇಕ ಅಧ್ಯಯನಕ್ಕೆ ತಕ್ಕವು. ತೋಟದಿಂದ ಡಾಮರು ರಸ್ತೆಯವರೆಗಿನ ಕಡಿದಾದ ತುಂಡು ದಾರಿಗೆ ಜೀಪು ಉತ್ತರವಾಗಿತ್ತು. ಡಾಮರು ರಸ್ತೆಯಿಂದ ಮುಂದಿನ ದೂರಕ್ಕೆ ಉತ್ತರ ಕಾರು.

3. ನೆಲ ಮತ್ತು ದಾರಿ

ಈ ಮೂರೂ ತಾಲ್ಲೂಕುಗಳ ವಾಹನಗಳು ಪುತ್ತೂರಿನ ಕೆಎ 21 ಸಂಖ್ಯೆಯಡಿ ನೋಂದಣಿಯಾಗುತ್ತವೆ. ಕಡಬ ಮೊದಲು ಪುತ್ತೂರು ತಾಲ್ಲೂಕಿನ ಭಾಗವಾಗಿತ್ತು. ಸುಬ್ರಹ್ಮಣ್ಯವೂ ಸೇರಿ ಸುಳ್ಯದ ಕೆಲವು ಗ್ರಾಮಗಳನ್ನು ಕೂಡಿಸಿಕೊಂಡು ಅದು ಹೊಸ ತಾಲ್ಲೂಕಾಯಿತು. ಇಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಸಾಲು ಅಲ್ಲ. ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಮೇಲ್ಬದಿಗೆ ಮನೆ, ಮುಂದಿನ ಮನೆ ಇನ್ನೊಂದು ಗುಡ್ಡೆಯಾಚೆ. ಡಾಕ್ಟರು, ಶಾಲೆ, ಬ್ಯಾಂಕು, ಅಡಿಕೆ ಮಾರಾಟ, ಮದುವೆಯ ಊಟ ಯಾವುದಕ್ಕಾದರೂ ಪಯಣವೇ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ನೆಲದಲ್ಲಿ ಮುರಕಲ್ಲಿನ ದಾರಿ ಅರ್ಧ ವರ್ಷ ಜಾರುತ್ತದೆ, ಉಳಿದರ್ಧ ಕೆಂಪು ಧೂಳು ಎಬ್ಬಿಸುತ್ತದೆ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಹೊಸ್ಮಠದಲ್ಲಿ ಹೊಸ ಸೇತುವೆ ಆಗುವವರೆಗೆ ಹಳೆಯ ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗ ಎರಡೂ ದಡಗಳಲ್ಲಿ ವಾಹನಗಳು ಕಾದು ನಿಲ್ಲಬೇಕಿತ್ತು.

ದೂರದ ದಾರಿಗಳೆಲ್ಲ ಘಟ್ಟದ ದಾರಿಗಳು. ಮಾಣಿಯಿಂದ ಪುತ್ತೂರು, ಜಾಲ್ಸೂರು, ಸುಳ್ಯ, ಅರಂತೋಡು, ಸಂಪಾಜೆ ದಾಟಿ ಮಡಿಕೇರಿ, ಮೈಸೂರಿಗೆ ಹೋಗುವ ಹೆದ್ದಾರಿ ಪಯಸ್ವಿನಿಯ ಕಣಿವೆಯನ್ನು ಹಿಡಿದು ಸಾಗಿ ಸಂಪಾಜೆಯ ಮೇಲೆ ಏರತೊಡಗುತ್ತದೆ. ಪುತ್ತೂರು ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸಾವಿರದ ನೂರು ಮೀಟರಿಗೂ ಮೇಲೆ. ಕುಳ್ಕುಂದದಿಂದ ಬಿಸಿಲೆಯ ಕಡೆಗೆ ಇನ್ನೊಂದು ದಾರಿ ಕಾಡೊಳಗೆ ಏರುತ್ತದೆ. ಗುಂಡ್ಯದಿಂದ ಶಿರಾಡಿ ಘಟ್ಟ ಬೆಂಗಳೂರಿನ ಕಡೆಗೆ ಒಯ್ಯುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದ ಗುಡ್ಡ ಕುಸಿದು ಮಡಿಕೇರಿ ದಾರಿ ಮುಚ್ಚಿಹೋದಾಗ, ಈ ಒಂದು ರಸ್ತೆಯ ಮೇಲೆ ಸುಳ್ಯದ ಬದುಕು ಎಷ್ಟು ನಿಂತಿದೆ ಎಂಬುದು ಎಲ್ಲರಿಗೂ ಅರಿವಾಯಿತು.

ರೈಲಿನ ಕಾಲಾನುಕ್ರಮವನ್ನೂ ಇಲ್ಲಿ ಗಮನಿಸಬೇಕು. ಮಂಗಳೂರು–ಹಾಸನ ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್ ಗೇಜಿಗೆ ಬದಲಿಸಲು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟ ವಿಭಾಗವನ್ನು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಆ ಘಟ್ಟಕ್ಕೆ ಮರಳಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಕಬಕ ಪುತ್ತೂರಿನಲ್ಲಾಗಲಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಾಗಲಿ ರೈಲು ಹತ್ತಿ ಘಟ್ಟದ ಮೇಲಕ್ಕೆ ಹೋಗುವಂತಿರಲಿಲ್ಲ. ಇಸುಜು ಎಂಜಿನ್ನಿನ ಅಂಬಾಸಿಡರ್ ಮಾರುಕಟ್ಟೆಯಲ್ಲಿದ್ದದ್ದು, ಕಾಂಟೆಸಾದ ಕೊನೆಯ ವರ್ಷಗಳು, ಮಕ್ಕಳು ಓದಿಗೂ ಕೆಲಸಕ್ಕೂ ಬೆಂಗಳೂರು, ಮೈಸೂರು ಸೇರತೊಡಗಿದ್ದು ಇದೇ ಅವಧಿಯಲ್ಲಿ. ಮನೆಮಂದಿಯೆಲ್ಲ ಒಟ್ಟಾಗಿ ಘಟ್ಟ ಹತ್ತಬೇಕಾದರೆ ಬಸ್ಸು ಅಥವಾ ಕಾರು. ಇಂದು ನಲವತ್ತು ಐವತ್ತರ ವಯಸ್ಸಿನವರು ಹಳೆಯ ಕಾರನ್ನು ಉಳಿಸಿಕೊಂಡಿದ್ದರೆ, ಅವರ ಮಟ್ಟಿಗೆ ಆ ಕಾರೇ ಘಟ್ಟದ ಮೇಲಿನ ಲೋಕಕ್ಕೆ ದಾರಿಯಾಗಿತ್ತು.

4. ರಚನೆಯ ತರ್ಕ

ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಕಾರಿನಲ್ಲಿ ಭಾರ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಒಂದು ಮಾದರಿ ಲೆಕ್ಕದಿಂದ ನೋಡಬಹುದು. ಖಾಲಿ ಕಾರು 1,100 ಕಿಲೋ, ಅದರಲ್ಲಿ ನೂರಕ್ಕೆ 55 ಪಾಲು ಮುಂದಿನ ಚಕ್ರಗಳ ಮೇಲೆ ಎಂದುಕೊಳ್ಳೋಣ. ಚಾಲಕನೊಬ್ಬನೇ ಕೂತರೆ ಮುಂದೆ ಸುಮಾರು 635, ಹಿಂದೆ 525 ಕಿಲೋ. ಮೂಗು ಭಾರ, ಹಿಂಬದಿ ಹಗುರ. ಇಂಥ ಕಾರು ಒದ್ದೆ ದಾರಿಯಲ್ಲಿ ಖಾಲಿಯಾಗಿ ಹೋದರೆ ಹಿಂದಿನ ಚಕ್ರ ಜಾರುತ್ತದೆ.

ಈಗ ಮುಂದೆ ಇಬ್ಬರು, ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ 60 ಕಿಲೋ ಸಾಮಾನು. ಒಟ್ಟು ತೂಕ 1,460 ಕಿಲೋ. ಹಿಂದಿನ ಸೀಟಿನ ಭಾರದಲ್ಲಿ ಐದರಲ್ಲಿ ನಾಲ್ಕು ಪಾಲು ಹಿಂದಿನ ಅಚ್ಚಿಗೆ ಹೋಗುತ್ತದೆ. ಡಿಕ್ಕಿಯು ಅಚ್ಚಿನಿಂದಲೂ ಹಿಂದಕ್ಕೆ ಇರುವುದರಿಂದ ಅದರ ಭಾರ ಹಿಂಬದಿಯನ್ನು ಒತ್ತುವುದಷ್ಟೇ ಅಲ್ಲ, ಮುಂಬದಿಯನ್ನು ತುಸು ಎತ್ತುತ್ತದೆ. ಆಗ ಮುಂದೆ ಸುಮಾರು 685, ಹಿಂದೆ 775 ಕಿಲೋ ಆಗುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ, ಅಂಬಾಸಿಡರಿನ 2,464 ಮಿಲಿಮೀಟರ್ ಚಕ್ರಾಂತರಕ್ಕೆ ಇನ್ನೂ ಮೂವತ್ತೈದು ಕಿಲೋದಷ್ಟು ಹಿಂದಕ್ಕೆ ಸರಿಯುತ್ತದೆ. ತಿರುಗುವ ಚಕ್ರಗಳ ಮೇಲೆ ಈಗ ಒಟ್ಟು ತೂಕದ ಅರ್ಧಕ್ಕೂ ಹೆಚ್ಚು ಕೂತಿದೆ.

ಇದರ ಸಾರ ಇಷ್ಟು. ಈ ಕಾರು ತುಂಬಿದಾಗ ಸಮತೋಲಕ್ಕೆ ಬರುತ್ತದೆ. ಮುಂದಿನ ಎಂಜಿನ್ನಿಗೆ ಹಿಂದಿನ ಜನ ಮತ್ತು ಸಾಮಾನು ಪ್ರತಿಭಾರ. ಮುಂದಿನ ಚಕ್ರ ತಿರುಗುವ ಸಣ್ಣ ಕಾರಿನಲ್ಲಿ ತರ್ಕ ತಿರುಗುಮುರುಗು. ಚಾಲಕನೊಬ್ಬನೇ ಇದ್ದಾಗ ಅದಕ್ಕೆ ಅತ್ಯುತ್ತಮ ಹಿಡಿತ, ಹಿಂದೆ ಭಾರ ತುಂಬಿ ಏರು ಹತ್ತುವಾಗ ಹಿಡಿತ ಕಡಿಮೆ. ಹೊಸ ಕಾರುಗಳು ಘಟ್ಟ ಏರುವುದಿಲ್ಲವೆಂದು ಇದರ ಅರ್ಥವಲ್ಲ. ಒಳ್ಳೆಯ ಟೈರು, ಹೆಚ್ಚಿನ ಬಲ, ಎಲೆಕ್ಟ್ರಾನಿಕ್ ನಿಯಂತ್ರಣಗಳಿಂದ ಅವು ಹಳೆಯವಕ್ಕಿಂತ ಸಲೀಸಾಗಿ ಏರುತ್ತವೆ. ಆದರೆ ಒಂದು ಕಾರು ಯಾರಿಗಾಗಿ, ಯಾವ ಪಯಣಕ್ಕಾಗಿ ರೂಪುಗೊಂಡಿತು ಎಂಬುದು ಅದರ ಭಾರದ ಹಂಚಿಕೆಯಲ್ಲಿ ಬರೆದಿರುತ್ತದೆ. ಪೇಟೆಯಲ್ಲಿ ಒಬ್ಬರೇ ಕಚೇರಿಗೆ ಹೋಗುವುದು ಒಂದು ಬಗೆಯ ಪಯಣ. ಅಜ್ಜಿ, ಮಕ್ಕಳು, ಬಾಳೆಗೊನೆ, ತೆಂಗಿನಕಾಯಿ, ಹಲಸಿನ ಹಪ್ಪಳದ ಕಟ್ಟು ಸಮೇತ ಸಂಪಾಜೆ ಏರುವುದು ಇನ್ನೊಂದು ಬಗೆ. ಈ ತಾಲ್ಲೂಕುಗಳ ಮನೆಗಳಿಗೆ ಬೇಕಾಗಿದ್ದುದು ಎರಡನೆಯದು.

ಚಾಲನೆಯ ಅನುಭವವೂ ಇದಕ್ಕೆ ಹೊಂದುತ್ತದೆ. ಮುಂದಿನ ಚಕ್ರಕ್ಕೆ ತಿರುಗಿಸುವ ಕೆಲಸವಷ್ಟೇ, ತಳ್ಳುವ ಕೆಲಸ ಹಿಂದಿನದಕ್ಕೆ. ಘಟ್ಟದ ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲಿ ಎಂಜಿನ್ ಎಳೆಯುವಾಗ ಸ್ಟೇರಿಂಗಿಗೆ ಆ ಜಗ್ಗಾಟ ತಾಗುವುದಿಲ್ಲ. ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ರಸ್ತೆಯ ಉಬ್ಬುತಗ್ಗು, ಮರಳು, ಒದ್ದೆ ಎಲ್ಲವೂ ಕೈಗೆ ತಿಳಿಯುತ್ತದೆ. ಉದ್ದ ಬಾನೆಟ್ಟಿನ ತುದಿ ಕಣ್ಣೆದುರಿಗಿರುವುದರಿಂದ ಕಿರಿದಾದ ತಿರುವಿನಲ್ಲಿ ಕಾರಿನ ಮೂಗು ಎಲ್ಲಿದೆ ಎಂದು ಊಹಿಸಬೇಕಾಗಿಲ್ಲ. ನಿಧಾನವಾಗಿ, ಗಮನವಿಟ್ಟು, ಏರನ್ನು ಮೊದಲೇ ಲೆಕ್ಕಹಾಕಿ ಗೇರು ಬದಲಿಸಿ ಓಡಿಸುವವರಿಗೆ ಇದು ತೃಪ್ತಿ ಕೊಡುವ ಕೆಲಸ. ಫೆರಾರಿಯ ಒಡೆಯನೂ ಪದ್ಮಿನಿಯ ಒಡೆಯನೂ ತಮ್ಮ ಕಾರಿನ ಬಗ್ಗೆ ಮಾತಾಡಿದರೆ ಒಪ್ಪಬಹುದಾದ ಬಿಂದು ಇದೇ ಇರಬೇಕು.

5. ಕೈಗೆಟಕುವ ಯಂತ್ರ

ಎಂಜಿನ್ ಉದ್ದುದ್ದವಾಗಿ ಕೂತಿದ್ದರೆ ಅದರ ಎರಡೂ ಬದಿಗೆ ಕೈ ಹೋಗುತ್ತದೆ. ಅಂಬಾಸಿಡರಿನ ಬಾನೆಟ್ ಎತ್ತಿದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಡೈನಮೊ, ಪೆಟ್ರೋಲ್ ಪಂಪು ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರಿಗೆ ಸಿಗುತ್ತದೆ. ಪಾಯಿಂಟಿನ ಸಂದು ಸರಿಮಾಡುವುದು, ಪ್ಲಗ್ಗು ಬಿಚ್ಚಿ ಕರಿ ತೆಗೆಯುವುದು, ಜೆಟ್ಟಿನ ಕಸ ಊದುವುದು ಮಾಲೀಕನೇ ಕಲಿತುಕೊಳ್ಳಬಹುದಾದ ಕೆಲಸಗಳು. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಬಲ ಹೋಗುವ ದಾರಿ ಒಂದೇ ನೇರ ಗೆರೆ. ಎಲ್ಲಿ ಶಬ್ದ ಬರುತ್ತಿದೆಯೋ ಅಲ್ಲೇ ತೊಂದರೆ.

ಊರೂರಿನ ವರ್ಕ್‌ಶಾಪುಗಳು ಈ ಸರಳತೆಯ ಮೇಲೆ ಬೆಳೆದವು. ಟಿಂಕರಿಂಗ್, ಪೇಂಟಿಂಗ್, ರೇಡಿಯೇಟರ್ ಕೆಲಸ, ಪ್ಲೇಟ್ ಸೆಟ್ ಕೆಲಸ, ಲೇತು, ಸೀಟು ಹೊಲಿಗೆ ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಕೈ. ಕಂಪನಿ ಭಾಗ ಕೊಡುವುದನ್ನು ನಿಲ್ಲಿಸಿದ ಮೇಲೂ ಬುಷ್ ಕಡೆದುಕೊಡಬಲ್ಲ ಲೇತಿನವನಿದ್ದರೆ ಕಾರು ಓಡುತ್ತದೆ. ಭಾಗಗಳ ವಿಷಯದಲ್ಲಿ ಅಂಬಾಸಿಡರಿಗೆ ದೊಡ್ಡ ಅನುಕೂಲವಿತ್ತು. ಅದರ 1489 ಸಿಸಿ ಎಂಜಿನ್ ದಶಕಗಳ ಕಾಲ ಮೂಲದಲ್ಲಿ ಬದಲಾಗಲಿಲ್ಲ, ಹಾಗಾಗಿ ಒಂದು ಕಾಲದ ಕಾರಿಗೆ ಇನ್ನೊಂದು ಕಾಲದ ಭಾಗ ಕೂರುತ್ತದೆ. ಇಸುಜುವಿನ 1817 ಸಿಸಿ ಎಂಜಿನ್ ಕಾಂಟೆಸಾ ಮತ್ತು ಅಂಬಾಸಿಡರ್ ಎರಡಕ್ಕೂ ಸಾಮಾನ್ಯವಾದ್ದರಿಂದ, ಅಂಬಾಸಿಡರಿನ ಭಾಗಗಳ ಮೂಲಕ ಕಾಂಟೆಸಾ ಇಂದಿಗೂ ಉಸಿರಾಡುತ್ತದೆ. ಏಳು ಇಂಚಿನ ದುಂಡು ಹೆಡ್‌ಲೈಟಂತೂ ಜೀಪು, ಅಂಬಾಸಿಡರ್, ಬುಲೆಟ್ ಬೈಕು ಮೂರಕ್ಕೂ ಒಂದೇ ಅಳತೆಯದು. ಇದಕ್ಕೆ ವಿರುದ್ಧವಾಗಿ ಕಾಂಟೆಸಾದ ಗಾಜು, ಹಿಂದಿನ ಲೈಟು, ಬೀಡಿಂಗ್ ಸಿಗುವುದು ಕಷ್ಟ. ಒಂದು ಕಾರನ್ನು ಉಳಿಸುವುದು ಅದರ ಎಂಜಿನ್ನಿಗಿಂತ ಅದರ ಬಂಧುಬಳಗ ಎಂಬುದು ಇದರಿಂದ ಸ್ಪಷ್ಟ.

ಇಲ್ಲಿನ ವರ್ಕ್‌ಶಾಪುಗಳ ಜ್ಞಾನ ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದಿದೆ. 2000ದ ಫೆಬ್ರವರಿಯಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಸೀಸವು ಹಳೆಯ ಬೀಡುಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಸೀಟನ್ನು ಸವೆಯದಂತೆ ಕಾಪಾಡುತ್ತಿತ್ತು. ಅದು ಹೋದ ಮೇಲೆ ಹೆಡ್ ಕೆಲಸಕ್ಕೆ ಬಂದಾಗ ಗಟ್ಟಿ ಲೋಹದ ಸೀಟು ಕೂರಿಸುವುದೇ ಪರಿಹಾರ. ಈಗ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ಸವಾಲು. ಎಥನಾಲ್ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್, ಪಂಪಿನ ಡಯಾಫ್ರಂಗಳನ್ನು ಹಾಳುಮಾಡುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಆ ನೀರು ತಳಕ್ಕೆ ಇಳಿದು ತುಕ್ಕಿಗೆ ದಾರಿಯಾಗುತ್ತದೆ. ಹಾಗಾಗಿ ಕರಾವಳಿಯ ತೇವದಲ್ಲಿ ಹಳೆಯ ಕಾರನ್ನು ನಿಲ್ಲಿಸಿಡುವುದಕ್ಕಿಂತ ವಾರವಾರ ಓಡಿಸುವುದೇ ಅದರ ರಕ್ಷಣೆ.

6. ಮನೆತನದ ವಸ್ತು

1980ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಮೂವತ್ತು ಸಾವಿರದಷ್ಟು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಡಿಕೆ ಬೆಳೆಗಾರರಿಗೆ 1970ರ ದಶಕದ ಆರಂಭ ಬೆಲೆ ಕುಸಿತದ ಕಾಲ. ಆ ಬಿಕ್ಕಟ್ಟಿನಿಂದಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟ್ ಕಾರ್ಖಾನೆ ಆರಂಭವಾಯಿತು. ಬೆಲೆಗೆ ಒಂದು ಆಧಾರ ಸಿಕ್ಕ ಮೇಲೆ ತೋಟದ ಮನೆಗೆ ಕಾರು ಬರುವುದು ಸಾಧ್ಯವಾಯಿತು. ಹಾಗೆ ಬಂದ ಕಾರು ಒಬ್ಬನ ಗಳಿಕೆಯಾಗಿದ್ದರೂ ಬಳಕೆಯಲ್ಲಿ ಮನೆತನದ್ದು. ಹೆರಿಗೆಗೆ ಆಸ್ಪತ್ರೆಗೆ ಓಡಿದ್ದೂ ಅದೇ, ಮದುಮಗಳನ್ನು ಕರೆತಂದದ್ದೂ ಅದೇ, ನೆರೆಮನೆಯವರಿಗೆ ಹಾವು ಕಚ್ಚಿದಾಗ ರಾತ್ರಿ ಹೊರಟದ್ದೂ ಅದೇ.

ಗ್ರ್ಯಾಂಡ್ ಟೂರಿಂಗ್ ಕಾರಿನ ಆಕರ್ಷಣೆ ಯುರೋಪಿನಲ್ಲಿ ಬಹುಮಟ್ಟಿಗೆ ಇಬ್ಬರ ಪಯಣದ ಕಲ್ಪನೆಯ ಸುತ್ತ ಬೆಳೆಯಿತು. ಇಲ್ಲಿ ಅದೇ ರಚನೆ ಮನೆಮಂದಿಯ ಪಯಣಕ್ಕೆ ಒದಗಿತು. ಮುಂದೆ ಅಡ್ಡಲಾಗಿ ಹರಡಿದ ಬೆಂಚ್ ಸೀಟು, ಸ್ಟೇರಿಂಗಿನ ಬದಿಗಿದ್ದ ಹ್ಯಾಂಡ್ ಗೇರು, ಅದರಿಂದ ಮುಂದೆಯೇ ಮೂವರಿಗೆ ಸಿಗುವ ಜಾಗ, ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಕ್ಕಳು. ನಾಲ್ಕನೆಯ ಭಾಗದಲ್ಲಿ ಹೇಳಿದ ಭಾರದ ತರ್ಕಕ್ಕೆ ಇಲ್ಲಿ ಅರ್ಥ ತುಂಬುತ್ತದೆ. ಜನ ತುಂಬಿದಾಗ ಚೆನ್ನಾಗಿ ನಡೆಯುವ ಯಂತ್ರವನ್ನು, ಜನ ತುಂಬಿದ ಮನೆಗಳು ಮೆಚ್ಚಿಕೊಂಡವು. ಈಗ ಮನೆಗಳಲ್ಲಿ ಇಬ್ಬರು ಮೂವರಷ್ಟೇ ಉಳಿದಿದ್ದಾರೆ, ಮಕ್ಕಳು ಹೊರ ಊರಿನಲ್ಲಿದ್ದಾರೆ. ಹಬ್ಬಕ್ಕೋ ದೈವದ ನೇಮಕ್ಕೋ ಎಲ್ಲರೂ ಸೇರಿದಾಗ ಹಳೆಯ ಕಾರನ್ನು ಹೊರಗೆ ತೆಗೆಯುವುದು ಅದಕ್ಕೇ. ಅದು ಆ ಮನೆಯ ಪೂರ್ಣಸಂಖ್ಯೆಗೆ ಅಳತೆ ಮಾಡಿದ ವಸ್ತು.

7. ವಿರುದ್ಧ ವಾದಗಳು

ಆಕರ್ಷಣೆಯನ್ನು ವಿವರಿಸುವಾಗ ಅಪಾಯವನ್ನು ಮರೆಮಾಚಬಾರದು. ಇವುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಹಳೆಯ ಅಂಬಾಸಿಡರ್ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಕಳೆದುಕೊಳ್ಳಬಹುದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ ಇಲ್ಲಿ ಜೀವರಕ್ಷಕ. ಹೊಗೆಯ ವಿಷಯದಲ್ಲಿ ಇವು ಇಂದಿನ ಯಾವ ಮಾನದಂಡಕ್ಕೂ ಸಮೀಪವಿಲ್ಲ. ಪೆಟ್ರೋಲಿನ ಖರ್ಚು ಹೊಸ ಸಣ್ಣ ಕಾರಿನ ಸುಮಾರು ಎರಡರಷ್ಟು. ಸೀಟಿನ ಮೇಲೆ ಐದಕ್ಕಿಂತ ಹೆಚ್ಚು ಜನ ತುಂಬಿಸಿದ ಆ ಕಾಲದ ರೂಢಿಯನ್ನು ಇಂದು ಸಮರ್ಥಿಸಲಾಗದು.

ಆದರೆ ಪ್ರಮಾಣವನ್ನೂ ನೋಡಬೇಕು. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರು ಮಾಡುವ ಮಾಲಿನ್ಯಕ್ಕೂ ದಿನವಿಡೀ ಓಡುವ ವಾಹನದ್ದಕ್ಕೂ ಹೋಲಿಕೆಯಿಲ್ಲ. ಈಗಾಗಲೇ ಇರುವ ಕಾರನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದರಿಂದ ಹೊಸದೊಂದರ ಕಬ್ಬಿಣ, ಗಾಜು, ರಬ್ಬರಿನ ಉತ್ಪಾದನೆ ತಪ್ಪುತ್ತದೆಂಬ ವಾದ ಮಾತ್ರ, ಮನೆಯಲ್ಲಿ ಹೊಸ ಕಾರೂ ಇರುವಾಗ ದುರ್ಬಲ. ಹಳೆಯ ಕಾರನ್ನು ಉಳಿಸುವುದಕ್ಕೆ ಸಮರ್ಥನೆ ಬೇರೆ ಕಡೆ ಇದೆ: ಅದರೊಂದಿಗೆ ಉಳಿಯುವ ಕೌಶಲದಲ್ಲಿ, ಪಯಣದ ಬಗೆಗಿನ ಒಂದು ತಿಳಿವಳಿಕೆಯಲ್ಲಿ.

8. ಕಾನೂನು ಕಾಣದ ನಡುಜಾಗ

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನ ನಿಯಮ 10,000 ರೂಪಾಯಿ ನಿಗದಿಮಾಡಿತು. ಇನ್ನೊಂದು ಬದಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಜಾರಿಗೆ ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ನೋಂದಣಿ ಸಿಗುತ್ತದೆ. ಆದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು.

ಹೀಗೆ ಕಾನೂನಿನ ಕಣ್ಣಿಗೆ ಎರಡೇ ಸ್ಥಿತಿಗಳಿವೆ: ಬಳಸಿ ಮುಗಿಸಬೇಕಾದ ವಾಹನ, ಅಥವಾ ಕಾಪಿಟ್ಟು ನೋಡಬೇಕಾದ ವಾಹನ. ನೋಡುವ ವಾಹನಕ್ಕೆ ನಮ್ಮ ನೆರೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಹಳೆಯ ಕಾರುಗಳ ಸಂಗ್ರಹಾಲಯವನ್ನು ಸಾವಿರಾರು ಯಾತ್ರಿಕರು ನೋಡುತ್ತಾರೆ. ಆ ಕೆಲಸಕ್ಕೆ ಅದರದೇ ಮಹತ್ವವಿದೆ. ಆದರೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿರುವುದು ಮೂರನೆಯ ಸ್ಥಿತಿ. ಎಂಬತ್ತು, ತೊಂಬತ್ತರ ದಶಕದ ಅಂಬಾಸಿಡರ್, ಪದ್ಮಿನಿ, ಕಾಂಟೆಸಾಗಳು ವಿಂಟೇಜ್ ಎನಿಸಿಕೊಳ್ಳುವಷ್ಟು ಹಳೆಯವಲ್ಲ, ಸಾಮಾನ್ಯ ಶುಲ್ಕದಲ್ಲಿ ಉಳಿಯುವಷ್ಟು ಹೊಸವೂ ಅಲ್ಲ. ಇವು ಮಿತವಾಗಿ, ಎಚ್ಚರದಿಂದ, ನಿಜವಾದ ಪಯಣಗಳಿಗೆ ಬಳಕೆಯಾಗುತ್ತಿರುವ ಕಾರುಗಳು. ಮೇಲೆ ತೋರಿಸಿದ ಹಾಗೆ, ಅವುಗಳ ಗುಣ ಕಾಣಿಸುವುದೇ ಜನ ತುಂಬಿ ದೂರ ಓಡುವಾಗ. ಓಟವನ್ನು ನಿಷೇಧಿಸಿ ಅವನ್ನು ಕಾಪಾಡುತ್ತೇವೆಂದರೆ ಕಾಪಾಡಿದ್ದು ತಗಡನ್ನು ಮಾತ್ರ.

9. ನಿಲುವು

ಈ ವಿಶ್ಲೇಷಣೆಯಿಂದ ಮೂರು ಮಾತುಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಉದ್ದ ಬಾನೆಟ್ಟಿನ ಹಳೆಯ ಕಾರಿನ ಸೆಳೆತ ಈ ಭಾಗದಲ್ಲಿ ಕೇವಲ ಭಾವನೆಯ ವಿಷಯವಲ್ಲ. ಚದುರಿದ ಮನೆಗಳು, ಘಟ್ಟದ ದಾರಿ, ಹನ್ನೊಂದು ವರ್ಷ ರೈಲಿಲ್ಲದ ಕಾಲ, ಒಟ್ಟಾಗಿ ಹೊರಡುವ ಕುಟುಂಬ ಈ ನಾಲ್ಕಕ್ಕೂ ಒಂದು ಯಾಂತ್ರಿಕ ರಚನೆ ಹೊಂದಿಕೊಂಡದ್ದರ ಫಲ ಅದು. ಗ್ರ್ಯಾಂಡ್ ಟೂರಿಂಗ್ ಕಾರನ್ನು ಪ್ರೀತಿಸುವ ಬೇರೆ ದೇಶದವರಿಗೂ ಇಲ್ಲಿನವರಿಗೂ ಸಾಮಾನ್ಯವಾದದ್ದು ಬೆಲೆಯಲ್ಲ, ವೇಗವಲ್ಲ. ದೂರವನ್ನು ದಾಟುವ ಕೆಲಸದಲ್ಲಿ ಯಂತ್ರದ ಜೊತೆ ತಾವೂ ಪಾಲ್ಗೊಳ್ಳುವ ಸುಖ.

ಎರಡನೆಯದು, ಇಂಥ ಕಾರನ್ನು ಹೊಂದುವುದೆಂದರೆ ಅದನ್ನು ಅರಿಯುವುದು. ಅರಿವು ಮಾಲೀಕನಲ್ಲಿ ಅರ್ಧ, ವರ್ಕ್‌ಶಾಪಿನವನಲ್ಲಿ ಅರ್ಧ ಇದೆ. ಈ ಎರಡನೆಯ ಅರ್ಧ ಈಗ ಅಪಾಯದಲ್ಲಿದೆ. ಕಾರ್ಬುರೇಟರಿನ ಶಬ್ದ ಕೇಳಿ ರೋಗ ಹೇಳಬಲ್ಲವರು ಅರವತ್ತು ದಾಟುತ್ತಿದ್ದಾರೆ. ಸುಳ್ಯ, ಪುತ್ತೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ತಾಂತ್ರಿಕ ಶಿಕ್ಷಣದ ಪರಂಪರೆಯಿದೆ. ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳು ಒಂದು ವರ್ಷದ ಯೋಜನೆಯಾಗಿ ಈ ಹಿರಿಯ ಮೆಕ್ಯಾನಿಕ್‌ಗಳ ಕೆಲಸವನ್ನು ವಿಡಿಯೊದಲ್ಲಿ ದಾಖಲಿಸಿದರೆ, ಅವರು ತಾವಾಗಿ ಕಡೆದು ಮಾಡಿದ ಬದಲಿ ಭಾಗಗಳ ಅಳತೆಯನ್ನು ನಕ್ಷೆಯಾಗಿ ಬರೆದಿಟ್ಟರೆ, ಆ ಜ್ಞಾನ ಒಬ್ಬರ ಕೈಯೊಂದಿಗೆ ಮುಗಿಯುವುದಿಲ್ಲ.

ಮೂರನೆಯದು, ನಿಯಮಗಳಲ್ಲಿ ನಡುಜಾಗವೊಂದು ಬೇಕು. ಇಪ್ಪತ್ತೈದು ವರ್ಷ ದಾಟಿದ, ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಓಡುವ, ಬ್ರೇಕು ಮತ್ತು ಹೊಗೆಯ ತಪಾಸಣೆಯಲ್ಲಿ ತೇರ್ಗಡೆಯಾದ ಖಾಸಗಿ ಕಾರಿಗೆ ಸೀಮಿತ ಬಳಕೆಯ ನೋಂದಣಿ ಕೊಡುವುದು ಕಷ್ಟದ ಕೆಲಸವಲ್ಲ. ಓಡೋಮೀಟರಿನ ಅಂಕಿ ಮತ್ತು ವಾರ್ಷಿಕ ತಪಾಸಣೆ ಅದಕ್ಕೆ ಸಾಕು. ಬ್ರೇಕಿನ ಗುಣಮಟ್ಟ ಹೆಚ್ಚಿಸುವ, ಸೀಟ್ ಬೆಲ್ಟ್ ಅಳವಡಿಸುವ ಬದಲಾವಣೆಗಳನ್ನು ಮೂಲರೂಪಕ್ಕೆ ಧಕ್ಕೆ ಎಂದು ನೋಡದೆ ಪ್ರೋತ್ಸಾಹಿಸಬೇಕು. ಹಾಗೆ ಮಾಡಿದರೆ ಕಾರನ್ನು ಗುಜರಿಗೆ ಹಾಕುವುದು ಅಥವಾ ಶೆಡ್ಡಿನಲ್ಲಿ ತುಕ್ಕಿಗೆ ಬಿಡುವುದು ಎಂಬ ಎರಡು ದಾರಿಗಳಷ್ಟೇ ಮನೆಯವರ ಮುಂದೆ ಉಳಿಯುವುದಿಲ್ಲ. ಸುಸ್ಥಿತಿಯ ಕಾರನ್ನು, ಅದನ್ನು ನಡೆಸುವ ತಿಳಿವಳಿಕೆಯ ಸಮೇತ, ಮುಂದಿನ ತಲೆಮಾರಿನ ಕೈಗೆ ಕಾನೂನುಬದ್ಧವಾಗಿ ಕೊಡಲು ಸಾಧ್ಯವಾಗುತ್ತದೆ.